ಮದ್ವೆ ಮನೇಲಿ ಎಲ್ರನ್ನೂ ಕುಣಿಸಿದ ಈ ಬ್ರೆಂಡಾ ಫಾಸಿ ಯಾರು? ಯಾವ ಹಾಡಿಂದ ಶುರು ಮಾಡ್ಲಿ?

ಕಾಫಿಪುಡಿ:
ಆಫೀಸ್ ಕೆಲ್ಸದ ಮೇಲೆ ಜೋಹಾನ್ಸ್‌ಬರ್ಗ್‌ಗೆ ಬಂದು ಮೂರು ತಿಂಗ್ಳಾಯ್ತು. ಹೋದ ಶನಿವಾರ ಟೀಮಿನೋರೊಬ್ರ ಮದ್ವೆ ಅಂತ ಇಲ್ಲಿನ ಕಪ್ಪು ಜನರ ದೊಡ್ಡ ಬಡಾವಣೆ ಸೊವೆಟೊಗೆ ಕರ್ಕೊಂಡು ಹೋಗಿದ್ರು. ಊಟ ಆಗಿ ಎಲ್ರೂ ತೂಕಡಿಸೋ ಹೊತ್ತಿಗೆ ಡಿಜೆ ಒಂದು ಹಾಡು ಹಾಕ್ದ ನೋಡಿ, ಎಪ್ಪತ್ತು ದಾಟಿದ ಅಜ್ಜಿಯರಿಂದ ಹಿಡ್ದು ಚಡ್ಡಿ ಹುಡುಗ್ರ ತನಕ ಒಬ್ರೂ ಕುರ್ಚಿ ಮೇಲಿಲ್ಲ, ನಾನೊಬ್ನೇ ತಟ್ಟೆ ಹಿಡ್ಕೊಂಡು ಪೆಕರನ ಥರ ನಿಂತಿದ್ದೆ. ಯಾರ ಹಾಡು ಅಂತ ಪಕ್ಕದೋನನ್ನ ಕೇಳಿದ್ರೆ 'ಬ್ರೆಂಡಾ' ಅಂದ, ಅಷ್ಟೇ, ನಮ್ಮಲ್ಲಿ ಅಣ್ಣಾವ್ರು ಅಂದ್ರೆ ಸಾಕಲ್ವಾ ಹಂಗೆ. ಹಾಡಿನ ಹೆಸ್ರು ವುಲಿಂಡ್ಲೆಲಾ ಅಂತೆ. ಮನೆಗೆ ಬಂದು ಹುಡುಕಿದ್ರೆ ಬರೀ ಡ್ರಗ್ಸು, ರಂಪ, ಸಾವು ಇವೇ ಸಿಗ್ತಿವೆ. ಹಾಡಿನ ಬಗ್ಗೆ ಗೊತ್ತಿರೋರು ಹೇಳ್ರಪ್ಪ.

ಹಳೇಕ್ಯಾಸೆಟ್:
ಅಯ್ಯೋ ಒಳ್ಳೆ ಬಾವಿಗೇ ಇಣುಕಿದೀರ. 1964ರಲ್ಲಿ ಕೇಪ್‌ಟೌನ್ ಹತ್ರದ ಲಾಂಗಾದಲ್ಲಿ ಹುಟ್ಟಿದ್ದು, ವರ್ಣಭೇದದ ಕಾಲದಲ್ಲಿ ಕಪ್ಪು ಜನ ಇಲ್ಲೇ ಇರ್ಬೇಕು ಅಂತ ಸರ್ಕಾರ ಗೆರೆ ಎಳೆದಿಟ್ಟ ಬಡಾವಣೆ ಅದು. ಒಂಬತ್ತು ಮಕ್ಕಳಲ್ಲಿ ಕೊನೇದು, ಅಮೆರಿಕದ ಹಾಡುಗಾರ್ತಿ ಬ್ರೆಂಡಾ ಲೀ ಹೆಸರನ್ನೇ ಇಟ್ರು. ಎರಡು ವರ್ಷಕ್ಕೆ ಅಪ್ಪ ಹೋದ್ರು, ಅಮ್ಮ ಪಿಯಾನೋ ನುಡಿಸ್ತಿದ್ರು, ಈ ಪುಟ್ಟಿ ಪಕ್ಕದಲ್ಲಿ ನಿಂತು ಟೂರಿಸ್ಟ್‌ಗಳ ಮುಂದೆ ಹಾಡಿ ಕಾಸು ತರ್ತಿತ್ತು. ಹದಿನಾರಕ್ಕೆ ನಿರ್ಮಾಪಕ ಕೊಲೊಯ್ ಲೆಬೋನಾ ಕಿವಿಗೆ ಬಿದ್ದು ಸೊವೆಟೊಗೆ ಬಂದ್ಲು. ಜಾಯ್ ಅನ್ನೋ ಗುಂಪಲ್ಲಿ ಒಬ್ಬಾಕೆ ಹೆರಿಗೆಗೆ ಹೋದ್ರೆ ಅವ್ರ ಜಾಗಕ್ಕೆ ಇವ್ಳು, ಆಮೇಲೆ ಬ್ರೆಂಡಾ ಅಂಡ್ ದಿ ಬಿಗ್ ಡ್ಯೂಡ್ಸ್ ಅನ್ನೋ ಬ್ಯಾಂಡು, 1983ರಲ್ಲಿ 'ವೀಕೆಂಡ್ ಸ್ಪೆಷಲ್'. ಅಲ್ಲಿಂದಲೇ ಶುರು ಮಾಡಿ. ವಾರವೆಲ್ಲಾ ಫೋನೂ ಮಾಡದೆ ಶುಕ್ರವಾರ ರಾತ್ರಿ ಮಾತ್ರ ನೆನಪು ಮಾಡ್ಕೊಳ್ಳೋ ಗಂಡಸಿಗೆ 'ನಾನು ನಿನ್ನ ವಾರಾಂತ್ಯದ ಸಾಮಾನಲ್ಲ' ಅಂತ ಹದಿನೆಂಟು ಹತ್ತೊಂಬತ್ತರ ಹುಡುಗಿ ಹೇಳೋದು. ಸಿಂಥಸೈಸರ್, ಡ್ರಮ್ ಮಷೀನ್ ಜೋರಾಗಿರೋ ಆ ಪಾಪ್‌ಗೆ ಅಲ್ಲಿ ಬಬಲ್‌ಗಮ್ ಅಂತಾರೆ. ಗಂಟಲು ಅಂದ್ರೆ ಅವಾಗಿಂದು, ಕೊಕೇನ್ ಹತ್ತಿದ್ಮೇಲೆ ಎಲ್ಲಾ ಹಾಳಾಯ್ತು ಬಿಡಿ.

ನಿದ್ದೆಗೆಟ್ಟವಳು:
@ಹಳೇಕ್ಯಾಸೆಟ್ ಕೊನೇ ಸಾಲು ಒಪ್ಪಲ್ಲ. ಆ ಮದ್ವೇಲಿ ಕುಣಿದ ಹಾಡೇ ಕೊಕೇನ್ ಆದ್ಮೇಲಿಂದು ಸ್ವಾಮಿ! 1995ರಲ್ಲಿ ಹೋಟೆಲ್ ರೂಮಲ್ಲಿ ಜೊತೆಗಿದ್ದ ಗೆಳತಿ ಡ್ರಗ್ಸ್ ಜಾಸ್ತಿಯಾಗಿ ಸತ್ತು, ಇವ್ಳೂ ಅದೇ ರೂಮಲ್ಲಿ ಸಿಕ್ಕಿದ್ಲು, ಹೆಂಗಸರನ್ನ ಪ್ರೀತಿಸ್ತೀನಿ ಅಂತ ಮುಚ್ಚಿಟ್ಟವಳೂ ಅಲ್ಲ, ಪೇಪರ್‌ನೋರಿಗೆ ಹಬ್ಬ. ಕಥೆ ಮುಗೀತು ಅಂದ್ಕೊಂಡೋರ ಮುಂದೆ 1997ರಲ್ಲಿ 'ಮೆಮೆಜಾ' ತಂದ್ಲು, ಮೆಮೆಜಾ ಅಂದ್ರೆ ಕೂಗು. 1998ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅತಿ ಹೆಚ್ಚು ಮಾರಾಟ ಆದ ಆಲ್ಬಮ್ ಅದೇ. ವುಲಿಂಡ್ಲೆಲಾ ಅದ್ರದ್ದೇ ಹಾಡು, ದಾರಿ ಬಿಡಿ ಅಂತ ಅರ್ಥ. ಇವ್ನಿಗೆಲ್ಲಿ ಮದ್ವೆ ಆಗುತ್ತೆ ಅಂತ ಆಡ್ಕೊಂಡಿದ್ದ ಅಕ್ಕಪಕ್ಕದೋರಿಗೆ ಮಗನ ಮದ್ವೆ ದಿನ ತಾಯಿ ಕೊಡೋ ಉತ್ತರ, ಅದಕ್ಕೇ ಅಜ್ಜಿಯರು ಎದ್ದಿದ್ದು. ಆ ಹೊತ್ತಿಗೆ ದನಿ ಸ್ವಲ್ಪ ಒರಟಾಗಿತ್ತು ನಿಜ, ಆದ್ರೆ ಆ ಒರಟುತನ ಇಲ್ದಿದ್ರೆ ಆ ತಾಯಿ ಮಾತು ನಂಬೋಕೆ ಆಗ್ತಿತ್ತಾ?

ಗಿರಮಿಟ್:
ಏನ್ರಿ ಇಬ್ಬರೂ 'ಬ್ಲ್ಯಾಕ್ ಪ್ರೆಸಿಡೆಂಟ್' ಬಿಟ್ಟೇಬಿಟ್ರಿ! ಮಂಡೇಲಾ ಜೈಲಿಂದ ಹೊರಗ ಬಂದಿದ್ದು 1990ರಾಗ, ಅಧ್ಯಕ್ಷ ಆಗಿದ್ದು 1994ರಾಗ. ಈಕಿ 1990ರಾಗನ ಅವರನ್ನ ನಮ್ಮ ಅಧ್ಯಕ್ಷ ಅಂತ ಹಾಡಿಬಿಟ್ಟಾಳ, ಸರ್ಕಾರಿ ರೇಡಿಯೋದವ್ರು ಬಂದ್ ಮಾಡಿದ್ರು. ಇನ್ನೊಂದು, 'ಟೂ ಲೇಟ್ ಫಾರ್ ಮಾಮಾ', ಕೂಸು ಬೆನ್ನಿಗೆ ಕಟ್ಕೊಂಡು ನೀರಿಗೆ ಹೋದಾಕಿಗೆ ಸಿಡಿಲು ಬಡಿಯೋ ಹಾಡು. ನಮ್ಮ ಕಡೆ ಕೊಡ ಹೊತ್ತು ನಡದವ್ರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. 2001ರಾಗ ಟೈಮ್ ಪತ್ರಿಕೆ ಈಕಿನ್ನ ಟೌನ್‌ಶಿಪ್‌ಗಳ (ಕಪ್ಪು ಜನರ ಬಡಾವಣೆಗಳ) ಮಡೋನಾ ಅಂತ ಕರೀತು, ನನಗಂತೂ ಅದು ಸೇರಂಗಿಲ್ಲ, ಮಡೋನಾ ಸೊವೆಟೊದಾಗ ಒಂದು ದಿನ ಇದ್ದು ನೋಡ್ಲಿ ಆಮ್ಯಾಲ ಮಾತಾಡೋಣು.

ಹಳೇಕ್ಯಾಸೆಟ್:
ಸರಿ ಮೆಮೆಜಾ ವಿಷ್ಯದಲ್ಲಿ ಸೋತೆ, ವುಲಿಂಡ್ಲೆಲಾ ಮರ್ತೇ ಮಾತಾಡ್ದೆ. ಆದ್ರೆ ಡ್ರಗ್ಸ್ ಮಾತೇ ಎತ್ತಬಾರ್ದು ಅನ್ನೋದೂ ಸರಿಯಲ್ಲ, ಎಷ್ಟೋ ಸಲ ರಿಹ್ಯಾಬ್‌ಗೆ ಹೋಗಿ ಬಂದ್ರೂ ಬಿಡೋಕಾಗ್ಲಿಲ್ಲ. 2004ರ ಏಪ್ರಿಲ್‌ನಲ್ಲಿ ಮನೇಲಿ ಕುಸಿದು ಬಿದ್ದು ಕೋಮಾಗೆ ಹೋದ್ರೆ ಮೊದ್ಲು ಆಸ್ತಮಾ ಅಂದ್ರು, ಆಮೇಲೆ ಕೊಕೇನ್ ಅಂತ ಗೊತ್ತಾಯ್ತು. ಮಂಡೇಲಾ, ಅವ್ರ ಮಾಜಿ ಹೆಂಡ್ತಿ ವಿನ್ನಿ, ಆಗಿನ ಅಧ್ಯಕ್ಷ ಎಂಬೆಕಿ ಎಲ್ರೂ ಆಸ್ಪತ್ರೆಗೆ ಬಂದು ನೋಡಿದ್ರು. ಮೇ 9ಕ್ಕೆ ಹೋಗ್ಬಿಟ್ಲು, 39 ವರ್ಷ. ಸಿಟ್ಟು ಬರುತ್ತಲ್ಲ, ಅದಕ್ಕೇ ಹಾಳಾಯ್ತು ಅಂದಿದ್ದು.

ನಿದ್ದೆಗೆಟ್ಟವಳು:
ಸಿಟ್ಟು ನಂಗೂ ಇದೆ. ಕಾಫಿಪುಡಿ, ಜೋಹಾನ್ಸ್‌ಬರ್ಗ್‌ನ ನ್ಯೂಟೌನ್‌ನಲ್ಲಿ ಬಾಸ್‌ಲೈನ್ ಅಂತ ಕಾರ್ಯಕ್ರಮ ಮಾಡ್ತಿದ್ದ ಜಾಗದ ಹೊರಗೆ 2006ರಲ್ಲಿ ಅವ್ಳ ಕಂಚಿನ ಪ್ರತಿಮೆ ನಿಲ್ಲಿಸಿದ್ರು, ಮೈಕ್ ಮುಂದೆ ಸ್ಟೂಲ್ ಮೇಲೆ ಕೂತಿದಾಳೆ, ಪಕ್ಕದಲ್ಲಿ ಇನ್ನೊಂದು ಖಾಲಿ ಸ್ಟೂಲ್, ಹೋದೋರು ಕೂರ್ಲಿ ಅಂತ.

ಕಾಫಿಪುಡಿ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ವೀಕೆಂಡ್ ಸ್ಪೆಷಲ್ ಮತ್ತೆ ವುಲಿಂಡ್ಲೆಲಾ ಒಂದರ ಹಿಂದೊಂದು ಕೇಳ್ದೆ, ಮಧ್ಯ ಹದಿನಾಲ್ಕು ವರ್ಷ ಇದೆ ಅಂತ ದನಿ ಕೇಳಿದ್ರೇ ಗೊತ್ತಾಗುತ್ತೆ, ನನ್ನ ಓಟು ಎರಡನೇದಕ್ಕೆ, @ಹಳೇಕ್ಯಾಸೆಟ್ ಬೇಜಾರಾಗ್ಬೇಡಿ. ಮುಂದಿನ ತಿಂಗ್ಳು ಇನ್ನೊಂದು ಮದ್ವೆಗೆ ಕರ್ದಿದಾರೆ, ಈ ಸಲ ತಟ್ಟೆ ಕೆಳಗಿಡ್ತೀನಿ.