ಲಿಂಫ್ ಡ್ರೈನೇಜ್ ಮಸಾಜ್‌ಗೆ ಹೋಗಲು ಹೇಳಿದ್ದಾರೆ, ಅಲ್ಲಿ ನಿಜಕ್ಕೂ ಏನು ಮಾಡುತ್ತಾರೆ?

ಸಂಜೆಗಾಳಿ:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಬಲ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದರು, ಆಮೇಲೆ ರೇಡಿಯೇಷನ್ ಕೂಡ ಮುಗಿಯಿತು. ಈಗ ಎರಡು ತಿಂಗಳಿಂದ ಬಲಗೈ ಒಂಥರಾ ಭಾರ. ಬೆಳಿಗ್ಗೆ ಏನೂ ಗೊತ್ತಾಗುವುದಿಲ್ಲ, ಸಂಜೆಯಾಗುತ್ತಾ ತುಂಬಿಕೊಂಡ ಹಾಗೆ. ನಾನು ವಾಚ್ ಕಟ್ಟುವುದು ಬಲಗೈಗೆ. ಮೊದಲು ಪಟ್ಟಿಯ ನಾಲ್ಕನೇ ತೂತಿಗೆ ಹಾಕುತ್ತಿದ್ದೆ, ಈಗ ಎರಡನೆಯದಕ್ಕೆ ಹಾಕಿದರೂ ಬಿಚ್ಚುವಾಗ ಚರ್ಮದ ಮೇಲೆ ಪಟ್ಟಿಯ ಅಚ್ಚು ಹಾಗೇ ಉಳಿದಿರುತ್ತದೆ.

ಡಾಕ್ಟರ್ ನೋಡಿ ಲಿಂಫೆಡೀಮಾ, ಅಂದರೆ ಲಿಂಫ್ ನೀರು ನಿಂತು ಬರುವ ಊತ, ಶುರುವಾಗಿದೆ, ಲಿಂಫ್ ಡ್ರೈನೇಜ್ ಮಾಡಿಸಿಕೊಳ್ಳಿ ಎಂದರು. ಚೀಟಿ ಬರೆದುಕೊಟ್ಟರು ಅಷ್ಟೇ, ವಿವರ ಕೇಳೋಣ ಅನ್ನುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ನೆಟ್‌ನಲ್ಲಿ ಹುಡುಕಿದರೆ ತಲೆ ಕೆಡುತ್ತದೆ. ಒಬ್ಬರು ಕೊಬ್ಬು ಕರಗುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಮೈಯೊಳಗಿನ ವಿಷವೆಲ್ಲ ಹೊರಗೆ ಬರುತ್ತದೆ ಅನ್ನುತ್ತಾರೆ. ನಮ್ಮ ಅತ್ತಿಗೆ ಮಾತ್ರ, ಅದಕ್ಕೆ ಯಾಕೆ ಅಲ್ಲಿಗೆ ಹೋಗಬೇಕು, ನಾನೇ ಗಟ್ಟಿಯಾಗಿ ಒತ್ತಿಕೊಡುತ್ತೇನೆ ಬಾ ಅಂತ ಕೂತಿದ್ದಾರೆ. ನೋವಾಗುತ್ತಾ? ಬಟ್ಟೆ ತೆಗೆಯಬೇಕಾ? ಎಷ್ಟು ಸಲ ಹೋಗಬೇಕು? ಒಂದು ಸಲ ಮಾಡಿಸಿದರೆ ಹೋಗೇಬಿಡುತ್ತಾ? ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಬೆರಳತುದಿ:

ಸಂಜೆಗಾಳಿ ಅವರೇ, ನಾನು ಈ ಕೆಲಸವನ್ನೇ ಮಾಡುವ ಫಿಸಿಯೋಥೆರಪಿಸ್ಟ್. ಮೊದಲ ಮಾತು, ಅತ್ತಿಗೆಯವರ ಪ್ರೀತಿ ದೊಡ್ಡದು, ಆದರೆ ಆ ಕೈಯನ್ನು ಅವರಿಗೆ ಕೊಡಬೇಡಿ. ಮೈಕೈ ನೋವಿಗೆ ಒತ್ತುವುದೇ ಬೇರೆ, ಇದೇ ಬೇರೆ.

ಲಿಂಫ್ ಅಂದರೆ ರಕ್ತನಾಳಗಳಿಂದ ಜಿನುಗಿ ಜೀವಕೋಶಗಳ ನಡುವೆ ಉಳಿದ ನೀರು, ಅದರಲ್ಲಿ ಪ್ರೋಟೀನ್ ಇರುತ್ತದೆ. ಇದನ್ನು ಎತ್ತಿಕೊಂಡು ಹೋಗುವ ಅತಿ ಸಣ್ಣ ನಾಳಗಳು ಚರ್ಮದ ಕೆಳಗೇ ಇವೆ. ಗೋಡೆ ಬಹಳ ತೆಳು. ಸುತ್ತಲಿನ ಚರ್ಮಕ್ಕೆ ನವಿರಾದ ಎಳೆಗಳಿಂದ ಅಂಟಿಕೊಂಡಿರುತ್ತವೆ. ಚರ್ಮವನ್ನು ಮೆಲ್ಲಗೆ ಎಳೆದರೆ ಆ ಎಳೆಗಳೂ ಎಳೆದು ನಾಳದ ಬಾಯಿ ತೆರೆದುಕೊಳ್ಳುತ್ತದೆ, ನೀರು ಒಳಗೆ ಹೋಗುತ್ತದೆ. ಗಟ್ಟಿಯಾಗಿ ಒತ್ತಿದರೆ ನಾಳವೇ ಚಪ್ಪಟೆಯಾಗುತ್ತದೆ. ಅದಕ್ಕೇ ನಮ್ಮ ಕೈ ಅಷ್ಟು ಹಗುರ. ಮೊದಲ ದಿನ ಬಂದವರಲ್ಲಿ ಅರ್ಧ ಜನ "ಶುರು ಮಾಡಿದ್ರಾ?" ಅಂತ ಕೇಳುತ್ತಾರೆ, ಆಗಲೇ ಹತ್ತು ನಿಮಿಷ ಆಗಿರುತ್ತದೆ.

ಮೊದಲ ಭೇಟಿಯಲ್ಲಿ ಮಸಾಜ್‌ಗಿಂತ ಪ್ರಶ್ನೆಗಳೇ ಜಾಸ್ತಿ. ಜ್ವರ ಇದೆಯಾ, ಕೈ ಕೆಂಪಾಗಿ ಬಿಸಿಯಾಗಿದೆಯಾ, ಹೃದಯ ಅಥವಾ ಕಿಡ್ನಿ ತೊಂದರೆ ಇದೆಯಾ, ಎಲ್ಲಾದರೂ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೇಳುತ್ತೇವೆ. ಸುಮ್ನೆ ಕೇಳುವುದಲ್ಲ. ಇವುಗಳಲ್ಲಿ ಒಂದಿದ್ದರೂ ಡಾಕ್ಟರ ಒಪ್ಪಿಗೆ ಬರುವ ತನಕ ಕೈ ಹಾಕುವುದಿಲ್ಲ. ಆಮೇಲೆ ಟೇಪ್ ತೆಗೆದು ಎರಡೂ ತೋಳಿನ ಸುತ್ತಳತೆ ಹಿಡಿಯುತ್ತೇವೆ. ಮಣಿಕಟ್ಟಿನಿಂದ ಮೇಲಕ್ಕೆ 4 ಸೆಂಟಿಮೀಟರ್‌ಗೊಂದು ಗುರುತು ಹಾಕಿ ಅಳೆಯುವುದು ನನ್ನ ಅಭ್ಯಾಸ. ಸಾಮಾನ್ಯವಾಗಿ ಎರಡು ಕೈಗಳ ನಡುವೆ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಲಿಂಫೆಡೀಮಾ ಅಂತ ಹಿಡಿಯುತ್ತಾರೆ. ಆ ಅಳತೆಯ ಹಾಳೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇಳಿದಿದೆಯೋ ಇಲ್ಲವೋ ಅನ್ನುವುದಕ್ಕೆ ಕಣ್ಣಳತೆ ನಂಬುವ ಹಾಗಿಲ್ಲ.

ಬಟ್ಟೆ ವಿಷಯ: ಮೇಲಿನ ಬಟ್ಟೆ ತೆಗೆಯಬೇಕಾಗುತ್ತದೆ, ಯಾಕೆಂದರೆ ಕೆಲಸ ಕೈಗಷ್ಟೇ ಅಲ್ಲ. ಮೇಲೆ ಹೊದಿಕೆ ಇರುತ್ತದೆ, ಆಗ ಮುಟ್ಟುವ ಭಾಗ ಮಾತ್ರ ತೆರೆಯುತ್ತಾರೆ. ಮಹಿಳಾ ಥೆರಪಿಸ್ಟ್ ಬೇಕು ಅಂತ ಮೊದಲೇ ಹೇಳಿ, ಅದರಲ್ಲಿ ಸಂಕೋಚ ಏನೂ ಬೇಡ. ಎಣ್ಣೆ ಹಚ್ಚುವುದಿಲ್ಲ. ಕೈ ಜಾರಿದರೆ ಚರ್ಮ ಎಳೆಯಲು ಬರುವುದಿಲ್ಲ ಅಲ್ವಾ.

ನಿಮ್ಮ ಊದಿದ ಕೈಯನ್ನು ಬಿಟ್ಟು ಕುತ್ತಿಗೆಯಿಂದ ಶುರು ಮಾಡಿದರೆ ಗಾಬರಿಯಾಗಬೇಡಿ. ಮೈಯ ಲಿಂಫ್ ಎಲ್ಲ ಕೊನೆಗೆ ರಕ್ತಕ್ಕೆ ಸೇರುವುದು ಕೊರಳ ಬುಡದಲ್ಲಿ, ಕಾಲರ್ ಮೂಳೆಯ ಹಿಂದಿನ ದೊಡ್ಡ ರಕ್ತನಾಳಗಳಲ್ಲಿ. ಬಚ್ಚಲ ತೂತು ಕಟ್ಟಿಕೊಂಡಿರುವಾಗ ಹಿಂದಿನಿಂದ ನೀರು ತಳ್ಳಿದರೆ ಏನು ಬಂತು? ಮೊದಲು ತೂತು ಬಿಡಿಸಬೇಕು. ನಿಮಗೆ ಬಲ ಕಂಕುಳಿನ ದಾರಿ ಬಹುಪಾಲು ಮುಚ್ಚಿದೆ, ಆದ್ದರಿಂದ ನೀರನ್ನು ಎದೆಯ ಮೇಲಿಂದ ಎಡ ಕಂಕುಳಿನ ಕಡೆಗೂ, ಪಕ್ಕೆಯ ಮೇಲಿಂದ ಬಲ ತೊಡೆಸಂದಿನ ಕಡೆಗೂ ತಿರುಗಿಸುತ್ತಾರೆ. ಆ ದಾರಿ ಸಜ್ಜಾದ ಮೇಲೆ ಭುಜ, ತೋಳು, ಮುಂಗೈ, ಕೊನೆಗೆ ಬೆರಳು. ಒಂದೊಂದು ಜಾಗದಲ್ಲಿ ಚರ್ಮ ಎಳೆಯುವುದು, ಬಿಡುವುದು, ಹೀಗೆ ಐದಾರು ಸಲ ನಿಧಾನಕ್ಕೆ. ಲಿಂಫ್‌ಗೆ ಹೃದಯದಂಥ ಪಂಪ್ ಇಲ್ಲ, ನಾಳಗಳ ಮಿಡಿತ, ಸ್ನಾಯುಗಳ ಚಲನೆ ಮತ್ತು ಉಸಿರು ಇಷ್ಟರಿಂದಲೇ ಅದು ಹರಿಯಬೇಕು, ಅದಕ್ಕೇ ನಡುನಡುವೆ ಹೊಟ್ಟೆ ಉಬ್ಬಿಸಿ ಆಳವಾಗಿ ಉಸಿರೆಳೆಯಿರಿ ಎನ್ನುತ್ತಾರೆ. ಎಲ್ಲ ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ನೋವಾಗಬಾರದು, ಚರ್ಮ ಕೆಂಪಾಗಲೂ ಬಾರದು. ಹಾಗೇನಾದರೂ ಆದರೆ ಆಗಲೇ ಬಾಯಿಬಿಟ್ಟು ಹೇಳಿ.

ಇನ್ನು ಯಾರೂ ಸರಿಯಾಗಿ ಹೇಳದ ಮಾತು. ಇಷ್ಟು ಮಾಡಿ ಕೈಯನ್ನು ಹಾಗೇ ಬಿಟ್ಟರೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಮಸಾಜ್ ಆದ ಕೂಡಲೇ ಬೆರಳಿಂದ ತೋಳಿನವರೆಗೆ ಪದರ ಪದರವಾಗಿ ಬ್ಯಾಂಡೇಜ್ ಸುತ್ತುತ್ತಾರೆ, ಅದು ಮರುದಿನದವರೆಗೂ ಇರಬೇಕು. ಊತ ಜಾಸ್ತಿ ಇದ್ದರೆ ವಾರಕ್ಕೆ ಐದು ದಿನದಂತೆ ಎರಡರಿಂದ ನಾಲ್ಕು ವಾರ. ಇಳಿದ ಮೇಲೆ ಅಳತೆಗೆ ತಕ್ಕ ಕಂಪ್ರೆಷನ್ ಸ್ಲೀವ್ (ಕೈಯನ್ನು ಬಿಗಿಯಾಗಿ ಹಿಡಿದಿಡುವ ತೋಳುಚೀಲ), ವ್ಯಾಯಾಮ, ಚರ್ಮದ ಆರೈಕೆ. ನಿಮ್ಮದು ಈಗಷ್ಟೇ ಶುರುವಾಗಿರುವುದರಿಂದ ಸ್ಲೀವ್‌ನಲ್ಲೇ ಸುಧಾರಿಸಲೂಬಹುದು, ಅದು ಪರೀಕ್ಷೆ ಮಾಡಿದವರು ಹೇಳಬೇಕಾದದ್ದು. ಒಂದೇ ಸಲಕ್ಕೆ ಹೋಗಿಬಿಡುವ ಕಾಯಿಲೆ ಇದಲ್ಲ. ಆದರೆ ಬೇಗ ಹಿಡಿದರೆ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು.

ಹಾಂ, ವಾಚ್ ಎಡಗೈಗೆ ಹಾಕಿ. ಇವತ್ತೇ.

ಹಳೇರೇಡಿಯೋ:

ತಂಗೀ, ನನ್ನದು ಕಾಲು. ತೊಡೆಸಂದಿನ ಗ್ರಂಥಿ ತೆಗೆದು ಹನ್ನೆರಡು ವರ್ಷ ಆಯಿತು, ಎಡಗಾಲು ಊದಲು ಶುರುವಾಗಿ ಹತ್ತು. ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ನಾನು ಹೋಗಿದ್ದು ಒಂದು ಸಾಧಾರಣ ಮಸಾಜ್ ಜಾಗಕ್ಕೆ. ಬೋರ್ಡಿನಲ್ಲಿ ಲಿಂಫ್ ಡ್ರೈನೇಜ್ ಅಂತಲೇ ಇತ್ತು. ಎಣ್ಣೆ ಸುರಿದು ಹಿಟ್ಟು ನಾದಿದ ಹಾಗೆ ನಾದಿದರು. ಅಯ್ಯೋ ನೋವು ಎಂದರೆ, ನೋವಾದರೆ ನೀರು ಕದಲುತ್ತಿದೆ ಅಂತ ಅರ್ಥ ಎಂದರು. ನಾನೂ ಹಲ್ಲು ಕಚ್ಚಿಕೊಂಡು ಮಲಗಿದ್ದೆ, ದುಡ್ಡು ಕೊಟ್ಟಾಗಿದೆಯಲ್ಲ. ಮರುದಿನ ಮೀನಖಂಡದ ತುಂಬ ನೀಲಿ ಮಚ್ಚೆ. ಮೂರನೇ ದಿನಕ್ಕೆ ಕಾಲು ಮೊದಲಿಗಿಂತ ದಪ್ಪ.

ಆಮೇಲೆ ಕಲಿತವರ ಹತ್ತಿರ ಹೋದೆ. ನಿಜ ಹೇಳುತ್ತೇನೆ, ಮೊದಲ ದಿನ ಇವರೂ ಮೋಸ ಮಾಡುತ್ತಿದ್ದಾರೆ ಅನ್ನಿಸಿತು. ಕುತ್ತಿಗೆ ಹತ್ತಿರ ಬೆಕ್ಕು ಸವರಿದ ಹಾಗೆ ಸವರುತ್ತಿದ್ದರು. ಕಾಲು ಊದಿದ್ದರೆ ಕುತ್ತಿಗೆಗೆ ಏನು ಕೆಲಸ ಅಂತ ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು, ಗೊರಕೆ ಹೊಡೆದೆನಂತೆ. ಎದ್ದ ಮೇಲೆ ಎರಡು ಗಂಟೆಯಲ್ಲಿ ಮೂರು ಸಲ ಮೂತ್ರಕ್ಕೆ ಹೋದೆ. ಸಂಜೆವರೆಗೂ ಮೈಯೆಲ್ಲ ಸಡಿಲ, ಒಂಥರಾ ಸುಸ್ತು. ಅದಕ್ಕೇ ಮೊದಲ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಕಷ್ಟ ಇರುವುದು ಬ್ಯಾಂಡೇಜಿನಲ್ಲಿ. ಸೆಕೆ, ತುರಿಕೆ, ಕಾಲು ಕಂಬದ ಹಾಗೆ. ಚಪ್ಪಲಿ ಎರಡು ಸೈಜ್ ದೊಡ್ಡದು ಬೇಕಾಯಿತು. ಒಂದು ರಾತ್ರಿ ತಡೆಯಲಾರದೆ ಬಿಚ್ಚಿ ಎಸೆದೆ, ಬೆಳಿಗ್ಗೆ ಟೇಪ್ ಹಿಡಿದವರಿಗೆ ನಾನು ಹೇಳುವ ಮೊದಲೇ ಗೊತ್ತಾಗಿಹೋಯಿತು! ಆದರೆ ಬೆರಳು ಮರಗಟ್ಟಿದರೆ, ಬಣ್ಣ ತಿರುಗಿದರೆ ಮಾತ್ರ ತಡಮಾಡದೆ ಬಿಚ್ಚಿ. ಮೂರು ವಾರಕ್ಕೆ ಕಣಕಾಲಿನ ಮೂಳೆ ಮತ್ತೆ ಕಾಣಿಸಿತು. ಅದನ್ನು ನೋಡದೆ ಎಷ್ಟೋ ಕಾಲ ಆಗಿತ್ತು, ಮುಟ್ಟಿ ಮುಟ್ಟಿ ನೋಡಿಕೊಂಡೆ.

ಗುಣಾಕಾರ:

ಬೆರಳತುದಿ ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ, ಯಾಕೆಂದರೆ ಈ ಮಸಾಜ್ ಬಗ್ಗೆ ಹೊಗಳಿಕೆ ಸ್ವಲ್ಪ ಅತಿಯಾಗಿದೆ. ಸ್ತನ ಕ್ಯಾನ್ಸರ್ ನಂತರದ ಕೈ ಊತದ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕೂಡಿಸಿ, ಚಿಕಿತ್ಸೆಗಳ ಬಗೆಗಿನ ಸಂಶೋಧನೆಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 2015ರಲ್ಲಿ ಒಂದು ವಿಮರ್ಶೆ ತಂದರು. ಅದರ ಪ್ರಕಾರ ಬ್ಯಾಂಡೇಜ್ ಒಂದರಿಂದಲೇ ಊತ ಶೇಕಡಾ 30ಕ್ಕೂ ಜಾಸ್ತಿ ಇಳಿಯುತ್ತದೆ, ಮಸಾಜ್ ಸೇರಿಸಿದರೆ ಅದರ ಮೇಲೆ ಇನ್ನು ಸುಮಾರು ಶೇಕಡಾ 7 ಅಷ್ಟೇ. ಅಪಾಯವಿಲ್ಲ, ಊತ ಕಡಿಮೆ ಇರುವವರಿಗೆ ಲಾಭ ಸ್ವಲ್ಪ ಜಾಸ್ತಿ ಇರಬಹುದು ಅಂತಲೂ ಇದೆ. ಅಂದರೆ ಭಾರ ಹೊರುವ ಎತ್ತು ಬ್ಯಾಂಡೇಜ್. ಮಸಾಜ್ ಮಾತ್ರ ಮಾಡಿ ಬ್ಯಾಂಡೇಜ್, ಸ್ಲೀವ್ ಯಾವುದರ ಮಾತೂ ಎತ್ತದೆ ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಮಾರುವವರು ಕಂಡರೆ ಎದ್ದು ಬನ್ನಿ.

ಇನ್ನೊಂದು. ಆ ಕೈಯಲ್ಲಿ ಏನೂ ಎತ್ತಬಾರದು ಅಂತ ಯಾರಾದರೂ ಹೆದರಿಸಿರುತ್ತಾರೆ. 2009ರಲ್ಲಿ ಇದೇ ತೊಂದರೆ ಇದ್ದ 141 ಹೆಂಗಸರ ಮೇಲೆ ಅಮೆರಿಕದಲ್ಲಿ ಪ್ರಯೋಗ ನಡೆಯಿತು. ಹಗುರದಿಂದ ಶುರುಮಾಡಿ ನಿಧಾನಕ್ಕೆ ಭಾರ ಏರಿಸಿದವರಿಗೆ ಊತ ಜಾಸ್ತಿಯಾಗಲಿಲ್ಲ, ಕೈಯ ಶಕ್ತಿಯೂ ಹೆಚ್ಚಿತು. ಅವರು ಸ್ಲೀವ್ ಹಾಕಿಕೊಂಡು, ಹೇಳಿಕೊಡುವವರ ಎದುರು ಮಾಡಿದರು, ಅದು ಮರೆಯಬೇಡಿ.

ಪುಟ್ಟಗುಬ್ಬಿ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೆ ಯಾವ ಕಾಯಿಲೆಯೂ ಇಲ್ಲ, ತೂಕ ಇಳಿಸಲು ಇದು ಮಾಡಿಸಬಹುದಾ? ನನ್ನ ಗೆಳತಿಗೆ ಒಂದೇ ದಿನಕ್ಕೆ ಸೊಂಟ ಸಣ್ಣಗಾಯಿತಂತೆ. ವಿಷ ಹೊರಗೆ ಹೋಗುವುದು ನಿಜಾನಾ?

ಬೆರಳತುದಿ:

ಪುಟ್ಟಗುಬ್ಬಿ, ಕೊಬ್ಬು ಲಿಂಫ್ ಮಸಾಜ್‌ನಿಂದ ಕರಗುವುದಿಲ್ಲ. ಗೆಳತಿಯ ಸೊಂಟದಿಂದ ಹೋಗಿದ್ದು ಸ್ವಲ್ಪ ನೀರು, ಅದು ಬೇಗ ವಾಪಸ್ ಬರುತ್ತದೆ. ವಿಷ ತೆಗೆಯುವ ಕೆಲಸ ಲಿವರ್ ಮತ್ತು ಕಿಡ್ನಿಯದು, ನಾವು ಹೊರಗಿಂದ ತಳ್ಳಬೇಕಾಗಿಲ್ಲ. ಹಾಯಾಗಿ ಮಲಗೆದ್ದು ಬರಬೇಕು ಅಂತ ಆಸೆಯಿದ್ದರೆ ಧಾರಾಳವಾಗಿ ಮಾಡಿಸಿ, ಅಷ್ಟಕ್ಕೇ ಅಂತ ತಿಳಿದು ಮಾಡಿಸಿ.

ಲೈಪೊಸಕ್ಷನ್ (ಕೊಬ್ಬು ಹೀರಿ ತೆಗೆಯುವ ಆಪರೇಷನ್) ಮಾಡಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಹೊಲಿಗೆಯ ತೂತಿನಿಂದ ನೀರು ಹಿಂಡಿ ತೆಗೆಯುವುದು ಲಿಂಫ್ ಡ್ರೈನೇಜ್ ಅಲ್ಲವೇ ಅಲ್ಲ. ಸೋಂಕಿಗೆ ಬಾಗಿಲು ತೆರೆದ ಹಾಗೆ. ಒಳಗೆ ನೀರು ನಿಂತಿದ್ದರೆ ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಬೇಕು.

ಅಂದಹಾಗೆ, ಇದು ಶುರುವಾಗಿದ್ದು ನೆಗಡಿಯವರಿಂದ. 1930ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕ್‌ನ ಎಮಿಲ್ ವೋಡರ್, ಎಸ್ಟ್ರಿಡ್ ವೋಡರ್ ದಂಪತಿ ಬಿಡದ ನೆಗಡಿಯವರ ಕುತ್ತಿಗೆಯಲ್ಲಿ ಊದಿದ ಗ್ರಂಥಿಗಳನ್ನು ಕಂಡು ಮೆಲ್ಲಗೆ ಸವರಿ ನೋಡಿದರು. 1936ರಲ್ಲಿ ಪ್ಯಾರಿಸ್‌ನಲ್ಲಿ ಜನರ ಮುಂದಿಟ್ಟರು. ಆಮೇಲೆ ಜರ್ಮನಿಯ ಡಾಕ್ಟರ್ ಫೋಲ್ಡಿ ಇದಕ್ಕೆ ಬ್ಯಾಂಡೇಜ್, ವ್ಯಾಯಾಮ, ಚರ್ಮದ ಆರೈಕೆ ಎಲ್ಲ ಸೇರಿಸಿ ಒಂದು ಪೂರ್ತಿ ಚಿಕಿತ್ಸೆಯಾಗಿ ಕಟ್ಟಿದರು. ಹಾಗಾಗಿ ಥೆರಪಿಸ್ಟ್ ಹತ್ತಿರ "ನೀವು ಯಾವ ಪದ್ಧತಿ ಕಲಿತಿದ್ದೀರಿ, ಬ್ಯಾಂಡೇಜ್ ಹಾಕುವುದೂ ಕಲಿತಿದ್ದೀರಾ" ಅಂತ ಕೇಳಿ. ಕಲಿತವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಂಜೆಗಾಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇರೇಡಿಯೋ ಅಣ್ಣಾ, ಗೊರಕೆ ವಿಷಯ ಓದಿ ಎಷ್ಟೋ ದಿನದ ಮೇಲೆ ನಕ್ಕೆ. ಒಂದು ಅನುಮಾನ ಉಳಿದಿದೆ. ಹೀಗೆ ನೀರನ್ನು ಬೇರೆ ಕಡೆಗೆ ತಳ್ಳಿದರೆ ಕ್ಯಾನ್ಸರ್ ಕೂಡ ಹರಡಿಬಿಡುತ್ತದಾ? ರಾತ್ರಿ ಇದೇ ಯೋಚನೆ ಬರುತ್ತದೆ.

ಬೆರಳತುದಿ:

ಈ ಭಯ ಬಹಳ ಜನರಿಗೆ ಇರುತ್ತದೆ, ಕೇಳಿದ್ದು ಒಳ್ಳೆಯದಾಯಿತು. ಚಿಕಿತ್ಸೆ ಮುಗಿದವರಲ್ಲಿ ಈ ಮಸಾಜ್‌ನಿಂದ ಕ್ಯಾನ್ಸರ್ ಹರಡುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಗಡ್ಡೆ ಇನ್ನೂ ಇರುವವರ ವಿಷಯದಲ್ಲಿ ಮಾತ್ರ ಕ್ಯಾನ್ಸರ್ ಡಾಕ್ಟರನ್ನು ಕೇಳಿಯೇ ಮುಂದುವರಿಯುತ್ತೇವೆ. ನಿಮಗೆ ಅವರೇ ಚೀಟಿ ಕೊಟ್ಟಿದ್ದಾರೆ, ಆದರೂ ಮುಂದಿನ ಸಲ ಹೋದಾಗ ಬಾಯಿಬಿಟ್ಟು ಕೇಳಿ, ಮುಂದಿನವರನ್ನು ಕರೆದರೂ ಎದ್ದು ಬರಬೇಡಿ.

ಇದಕ್ಕಿಂತ ನೀವು ಹೆದರಬೇಕಾದದ್ದು ಸೋಂಕಿಗೆ. ಆ ಕೈಗೆ ಸಣ್ಣ ಗಾಯವಾದರೂ ತೊಳೆದು ಔಷಧಿ ಹಚ್ಚಿ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಚಳಿ ಬಂದರೆ ಅದು ಸೆಲ್ಯುಲೈಟಿಸ್, ಅಂದರೆ ಚರ್ಮದ ಒಳಗಿನ ಸೋಂಕು, ಆಗಿರಬಹುದು. ಆ ದಿನ ಮಸಾಜ್ ಬೇಡವೇ ಬೇಡ, ಅದೇ ದಿನ ಡಾಕ್ಟರ ಹತ್ತಿರ ಹೋಗಿ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಸಂಜೆಗಾಳಿ:

ನಿನ್ನೆ ಮೊದಲ ಸಲ ಹೋಗಿ ಬಂದೆ. ಕುತ್ತಿಗೆಯಿಂದಲೇ ಶುರು ಮಾಡಿದರು, ಮೊದಲೇ ಗೊತ್ತಿದ್ದರಿಂದ ಗಾಬರಿಯಾಗಲಿಲ್ಲ. ಮಣಿಕಟ್ಟಿನಲ್ಲಿ ಒಂದೂವರೆ, ಮೊಣಕೈ ಕೆಳಗೆ ಎರಡು ಸೆಂಟಿಮೀಟರ್ ಜಾಸ್ತಿ ಇದೆಯಂತೆ. ಬ್ಯಾಂಡೇಜ್ ಇರುವುದರಿಂದ ಇದನ್ನು ಎಡಗೈಯ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅತ್ತಿಗೆಯನ್ನೂ ಕರೆದುಕೊಂಡು ಹೋಗಿದ್ದೆ, ಇದೇನು ಒತ್ತುವುದು, ಮಗು ಮಲಗಿಸಿದ ಹಾಗಿದೆ ಅಂದರು. ಮುಂದಿನ ವಾರ ಮನೆಯಲ್ಲಿ ಮಾಡಿಕೊಳ್ಳುವುದನ್ನು ಹೇಳಿಕೊಡುತ್ತಾರಂತೆ, ಅದನ್ನು ಅತ್ತಿಗೆಯೇ ಕಲಿಯುತ್ತಾರಂತೆ.

ವಾಚ್ ಎಡಗೈಗೆ ಬಂದಿದೆ. ಟೈಮ್ ನೋಡಲು ಮಾತ್ರ ಇನ್ನೂ ಬಲಗೈಯನ್ನೇ ಎತ್ತುತ್ತಿದ್ದೇನೆ.