ಮುರಕಲ್ಲಿನ ಹಳೆಯ ಗಿರಣಿ: ಕೆಡವುವುದೋ, ಉಳಿಸುವುದೋ?

ಕುಂದಾಪುರದವಳು:
ನಮ್ಮ ಅಜ್ಜಯ್ಯನ ಕಾಲದ ಅಕ್ಕಿ ಗಿರಣಿಯೊಂದು ಪಾಳು ಬಿದ್ದಿದೆ. ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು) ಗೋಡೆ, ಹೆಂಚಿನ ಮಾಡು. ಯಂತ್ರಗಳು ಎಂದೋ ಗುಜರಿಗೆ ಹೋದವು. ಅಲ್ಲೇ ಊರಿನ ಮಕ್ಕಳಿಗೆ ವಾಚನಾಲಯ, ಹೆಂಗಸರಿಗೆ ಹೊಲಿಗೆ ತರಬೇತಿಯ ಕೋಣೆ ಮಾಡುವ ಆಸೆ ನನ್ನದು. ಗುತ್ತಿಗೆದಾರರು ‘ಕೆಡವಿ ಆರ್‌ಸಿಸಿ ಹಾಕಿಸಿ, ನಿಶ್ಚಿಂತೆ’ ಎನ್ನುತ್ತಾರೆ. ಅಣ್ಣನಿಗೆ ಹೆಂಚು, ಮರ ಮಾರಿದರೆ ಎಷ್ಟು ಬರುತ್ತದೆ ಎಂಬುದರ ಮೇಲೇ ಕಣ್ಣು. ಪಡುವಣ ಗೋಡೆ ಮಳೆಗಾಲ ಮುಗಿದರೂ ಒಣಗುವುದಿಲ್ಲ. ಆಮೇಲೆ ಬಳಿಸಿದ ಸಿಮೆಂಟ್ ಗಿಲಾವು ಹಪ್ಪಳದಂತೆ ಉಬ್ಬಿದೆ. ಹೆಂಚಿನ ಮೇಲೆ ಬಾಸೆಲ್ ಮಿಷನ್, 1865 ಎಂಬ ಅಚ್ಚಿದೆ. ಅಷ್ಟು ಹಳೆಯದನ್ನು ಮತ್ತೆ ಹೊದಿಸಬಹುದೇ?

ನಿವೃತ್ತ ಇಂಜಿನಿಯರ್, ಪುತ್ತೂರು:
ಮೊದಲು ಹೆಂಚಿನ ವಿಷಯ ಮುಗಿಸೋಣ ತಂಗಿ. 1865 ಎಂದರೆ ಬಾಸೆಲ್ ಮಿಷನ್‌ನ ಕ್ರೈಸ್ತ ಮಿಷನರಿಗಳು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ, ನಿಮ್ಮ ಹೆಂಚು ಸುಟ್ಟ ವರ್ಷವಲ್ಲ. ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಠಣ್ಣೆಂದರೆ ತೊಳೆದು ಮತ್ತೆ ಹೊದಿಸಿ. ಸದ್ದು ಬೊದ್ದಾಗಿದ್ದರೆ ಬಿರುಕಿದೆ, ಪಕ್ಕಕ್ಕಿಡಿ.

ಗೋಡೆ ಕೆಡಿಸಿದ್ದು ಆ ಸಿಮೆಂಟೇ. ಮುರಕಲ್ಲು ನೀರು ಕುಡಿಯುತ್ತದೆ, ಕುಡಿದದ್ದನ್ನು ಗಾಳಿಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ನೀರಿಗೆ ಹೊರಬರುವ ದಾರಿಯಿಲ್ಲ. ದೀಪಾವಳಿ ಕಳೆಯಲಿ, ಗಿಲಾವು ಕೆತ್ತಿಸಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ ಸುಣ್ಣದ ಗಾರೆ ಹಾಕಿಸಿ. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಮಾತ್ರ ಯಾವ ಗಾರೆಯೂ ನಿಲ್ಲದು, ಮೊದಲು ಚರಂಡಿ ಮಾಡಿಸಿ. ಇನ್ನು ಮಾಡು. ಪಕ್ಕಾಸುಗಳು, ಅಂದರೆ ಮಾಡನ್ನು ಹೊರುವ ಇಳಿಜಾರು ಮರಗಳು, ಗೋಡೆಯ ಮೇಲೆ ಕೂರುವ ತುದಿಗಳನ್ನು ದಬ್ಬಣದಿಂದ ಚುಚ್ಚಿ ನೋಡಿ, ಗೆದ್ದಲು ಹಿಡಿಯುವುದು ಅಲ್ಲೇ. ತುದಿ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸುವ ಬಡಗಿಗಳು ನಿಮ್ಮ ಕಡೆ ಇನ್ನೂ ಇದ್ದಾರೆ.

ಕೆಡವಿದರೆ ಆ ಕಲ್ಲುಮಣ್ಣೆಲ್ಲ ಯಾವುದೋ ಗದ್ದೆ ತುಂಬಲು ಹೋಗುತ್ತದೆ. ಹೊಸದಕ್ಕೆ ಬೇಕಾದ ಸಿಮೆಂಟ್ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯುವ ವಸ್ತು. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಶೇ. 8 ಅದರದ್ದು. ನಿಂತಿರುವ ಗೋಡೆಯ ಹೊಗೆಯೆಲ್ಲ ಅಜ್ಜಯ್ಯನ ಕಾಲಕ್ಕೇ ಮುಗಿದಿದೆ. ಹಾಗೆಂದು ಎಲ್ಲವನ್ನೂ ಪೂಜಿಸಬೇಕೆಂದಲ್ಲ. ಗೋಡೆ ವಾಲಿದ್ದರೆ ಅಷ್ಟು ಭಾಗ ಬಿಚ್ಚಿ, ಅದೇ ಕಲ್ಲಿನಲ್ಲಿ ಮತ್ತೆ ಕಟ್ಟಿಸಿ.

ಮೈಸೂರಿನವನು:
ರಾಜಕುಮಾರಿಗೆಂದು ಕಟ್ಟಿದ ನಮ್ಮೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ಅರಮನೆಯಲ್ಲಿ ಆಹಾರ ಸಂಶೋಧನೆ ನಡೆಯುವುದಾದರೆ ಗಿರಣಿಯಲ್ಲಿ ಹೊಲಿಗೆ ಯಂತ್ರ ಓಡಬಾರದೇ? ಆದರೆ ಇಲ್ಲೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ತೀರಿಕೊಂಡರು. ಮಕ್ಕಳನ್ನು ಕೂರಿಸುವ ಮೊದಲು ಕಟ್ಟಡದ ಭದ್ರತೆಯ ಬಗ್ಗೆ ಬರಹದಲ್ಲಿ ವರದಿ ಪಡೆಯಿರಿ. ಬಾಯಿಮಾತು ಬೇಡ.

ಕುಂದಾಪುರದವಳು:
ಇಬ್ಬರಿಗೂ ಧನ್ಯವಾದ. ಅಣ್ಣನನ್ನು ಒಪ್ಪಿಸುವುದು ಹೇಗೆ, ಅದನ್ನೂ ಹೇಳಿಬಿಡಿ.

ನಿವೃತ್ತ ಇಂಜಿನಿಯರ್, ಪುತ್ತೂರು:
ಹಳೆಯ ಹೆಂಚಿಗೆ ಬರುವ ಬೆಲೆ, ಹೊಸ ಮಾಡಿಗೆ ತಗಲುವ ಖರ್ಚು ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಅವರ ಮುಂದಿಡಿ. ಕೆಡವುವ ಕೂಲಿ, ಮಣ್ಣು ಸಾಗಿಸುವ ಲಾರಿ ಬಾಡಿಗೆಯನ್ನೂ ಸೇರಿಸಿ. ಗುತ್ತಿಗೆದಾರರು ಮೊದಲ ಅಂದಾಜಿನಲ್ಲಿ ಸಾಮಾನ್ಯವಾಗಿ ಅದನ್ನು ಬಿಟ್ಟಿರುತ್ತಾರೆ.