ಆಲ್ಟ್‌ಮಾರ್ಕ್ ಹಡಗು, 1940: ಕಾಯಬೇಕಿತ್ತಾ, ನುಗ್ಗಿದ್ದೇ ಸರಿಯಾ?

ಸಂಜೆ_ಓದುಗ:
ಎರಡನೇ ಮಹಾಯುದ್ಧದ ಬಗ್ಗೆ ಓದುವಾಗ ಈ ಘಟನೆ ಸಿಕ್ಕಿತು, ತಲೆಯಿಂದ ಹೋಗ್ತಾನೇ ಇಲ್ಲ. ಆಲ್ಟ್‌ಮಾರ್ಕ್ ಅಂದರೆ ಗ್ರಾಫ್ ಸ್ಪೀ ಯುದ್ಧನೌಕೆಗೆ ಎಣ್ಣೆ ಪೂರೈಸುತ್ತಿದ್ದ ಜರ್ಮನ್ ಹಡಗು. ಗ್ರಾಫ್ ಸ್ಪೀ ಮುಳುಗಿಸಿದ ಬ್ರಿಟಿಷ್ ವ್ಯಾಪಾರಿ ಹಡಗುಗಳ 299 ನಾವಿಕರನ್ನು ಇದರ ಕೆಳಗಿನ ಹೋಲ್ಡ್‌ಗಳಲ್ಲಿ (ಸರಕು ತುಂಬುವ ಜಾಗ) ಕೂಡಿಹಾಕಿದ್ದರು. ತಟಸ್ಥ ದೇಶವಾಗಿದ್ದ ನಾರ್ವೆಯ ನೀರಿನಲ್ಲಿ ಅದು ಜರ್ಮನಿ ಕಡೆ ಹೊರಟಿತ್ತು. ನಾರ್ವೆಯವರು ಮೂರು ಸಲ ಹಡಗು ಹತ್ತಿ ತಪಾಸಣೆ ಮಾಡಿ, ಸರಿಯಿದೆ ಅಂತ ಬಿಟ್ಟರು. ಫೆಬ್ರವರಿ 16ರ ರಾತ್ರಿ ಬ್ರಿಟನ್ನಿನ ಕ್ಯಾಪ್ಟನ್ ವಿಯನ್ ತನ್ನ ಕೊಸಾಕ್ ನೌಕೆಯನ್ನು ಯೋಸಿಂಗ್‌ಫ್ಯೋರ್ಡ್ ಅನ್ನೋ ಕಿರಿದಾದ ಕೊಲ್ಲಿಯ ಒಳಗೆ ನುಗ್ಗಿಸಿ ಎಲ್ಲರನ್ನೂ ಬಿಡಿಸಿಕೊಂಡು ಬಂದ. ಬೇರೆ ದೇಶದ ನೀರಿನಲ್ಲಿ, ಅವರ ಕಾವಲು ದೋಣಿಗಳ ಎದುರೇ! ಇದು ಸರೀನಾ?

ಡೆಕ್_ಮೇಲಿನವ:
ನಾನು ಸರಕು ಹಡಗಿನಲ್ಲಿ ಕೆಲಸ ಮಾಡುವವನು, ಅದಕ್ಕೇ ಆ ಮೂರು ತಪಾಸಣೆಗಳ ಬಗ್ಗೆ ಹೇಳಲೇಬೇಕು. ಹಡಗಿನ ತಪಾಸಣೆ ಅಂದರೆ ಕ್ಯಾಪ್ಟನ್ ಕೋಣೆಯಲ್ಲಿ ಕೂತು ಕಾಗದಪತ್ರ ನೋಡುವುದಲ್ಲ, ಹ್ಯಾಚ್ (ಡೆಕ್ ಮೇಲಿನ ಮುಚ್ಚಳ) ತೆಗೆಸಿ ಕೆಳಗಿಳಿಯಬೇಕು. ಅದೊಂದನ್ನು ಮಾತ್ರ ನಾರ್ವೆಯವರು ಮಾಡಲಿಲ್ಲ. ಆಲ್ಟ್‌ಮಾರ್ಕ್‌ನ ಕ್ಯಾಪ್ಟನ್ ಡೌ ಇದು ಸರ್ಕಾರಿ ಹಡಗು, ಒಳಗೆ ಹುಡುಕಲು ಬಿಡಲ್ಲ ಅಂದ, ಇವರು ಅಲ್ಲಿಗೇ ನಿಲ್ಲಿಸಿದರು. ಕೆಳಗಿದ್ದವರು ಸುಮ್ನೆ ಕೂತಿರಲಿಲ್ಲ. ಕಬ್ಬಿಣದ ಗೋಡೆ ಬಡಿದರು, ಕೂಗಿದರು, ಆ ಸದ್ದು ಮೇಲೆ ಕೇಳಿಸಬಾರದು ಅಂತ ಜರ್ಮನ್ನರು ಡೆಕ್ ಮೇಲಿನ ವಿಂಚ್ (ಭಾರ ಎಳೆಯುವ ಯಂತ್ರ) ಓಡಿಸಿದರು. ಎಣ್ಣೆ ಹಡಗಿನ ಡೆಕ್ ಮೇಲೆ ಕಾರಣವಿಲ್ಲದೆ ವಿಂಚ್ ಓಡಿದರೆ ಯಾಕೆ ಅಂತ ಕೇಳಬೇಕು ಅಲ್ವಾ? ಕೇಳಲಿಲ್ಲ ಅಂದರೆ ಉತ್ತರ ಬೇಕಿರಲಿಲ್ಲ ಅಂತಲೇ ನನಗನ್ನಿಸೋದು.

ಇನ್ನೊಂದು ವಿಷಯ. ಆ ಕೈದಿಗಳಲ್ಲಿ ನಮ್ಮ ದೇಶದ ಖಲಾಸಿಗಳೂ ಇದ್ದರು. ಕಲ್ಕತ್ತಾದಿಂದ ಹೊರಟ ಹಂಟ್ಸ್‌ಮನ್ ಹಡಗು 1939ರ ಅಕ್ಟೋಬರಿನಲ್ಲೇ ಗ್ರಾಫ್ ಸ್ಪೀ ಕೈಗೆ ಸಿಕ್ಕಿತ್ತು. ಅಷ್ಟು ತಿಂಗಳು ಕತ್ತಲೆಯಲ್ಲಿ ಬಿದ್ದಿದ್ದವರಿಗೆ ಇನ್ನೂ ಸ್ವಲ್ಪ ಕಾಯಿರಿ ಅಂತ ಹೇಳಲು ನನಗಂತೂ ಬಾಯಿ ಬರಲ್ಲ.

ಕಾನೂನು_ಕಣ್ಣು:
ಹಾಗಂತ ನಾರ್ವೆಯನ್ನು ಪುಕ್ಕಲರು ಅಂತ ತಳ್ಳಿಹಾಕಬೇಡಿ. 1907ರ ಹೇಗ್ ಒಪ್ಪಂದದ ಪ್ರಕಾರ, ಯುದ್ಧದಲ್ಲಿರುವ ದೇಶದ ನೌಕೆ ತಟಸ್ಥ ನೀರಿನಲ್ಲಿ ಸುಮ್ಮನೆ ಹಾದುಹೋದರೆ ಅದು ತಪ್ಪಲ್ಲ, ಒಳಗೆ ಕೈದಿಗಳಿದ್ದರೂ ಹಾದುಹೋಗುವ ಹಕ್ಕು ಹೋಗಲ್ಲ ಅನ್ನೋದು ಅವರ ವಾದ. ಪುಟ್ಟ ದೇಶ, ಎರಡು ಕಡೆ ಎರಡು ದೈತ್ಯರು. ಈ ಘಟನೆಯಾದ ಮೇಲೆ ನಾರ್ವೆ ತನ್ನ ನೀರನ್ನು ಕಾಯಲ್ಲ ಅಂತ ಹಿಟ್ಲರ್‌ಗೆ ಖಾತ್ರಿಯಾಯಿತು, ಐದೇ ದಿನಕ್ಕೆ ದಾಳಿಯ ಹೊಣೆಯನ್ನು ಜನರಲ್ ಫಾಲ್ಕನ್‌ಹೋರ್ಸ್ಟ್‌ಗೆ ಕೊಟ್ಟ, ಏಪ್ರಿಲ್ 9ಕ್ಕೆ ಜರ್ಮನ್ ಸೈನ್ಯ ನಾರ್ವೆಗೆ ಬಂದೇ ಬಿಟ್ಟಿತು. ಯೋಜನೆ ಮೊದಲೇ ಇತ್ತು, ನಿಜ. ಆದರೂ ಅದಕ್ಕೆ ವೇಗ ಕೊಟ್ಟಿದ್ದು ಈ ರಾತ್ರಿ. 299 ಜನ ಮನೆ ಸೇರಿದರು, ಬೆಲೆ ಕಟ್ಟಿದ್ದು ಬೇರೆಯವರು.

ಸಂಜೆ_ಓದುಗ:
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ವಿಯನ್ ದುಡುಕಿದ ಅನ್ನಬಹುದಾ?

ಕೊಡಗಿನ_ಮೇಷ್ಟ್ರು:
ಖಂಡಿತ ಇಲ್ಲ, ಇದನ್ನೇ ಎಲ್ಲರೂ ತಪ್ಪಾಗಿ ಹೇಳೋದು. ಅವತ್ತು ಮಧ್ಯಾಹ್ನ ಮೊದಲ ಸಲ ಹೋದಾಗ ನಾರ್ವೆಯ ದೋಣಿಯವರು ಹಡಗನ್ನು ನೋಡಿಯಾಗಿದೆ, ಕೈದಿಗಳಿಲ್ಲ ಅಂದರು. ಟಾರ್ಪೆಡೊ ಕೂಡ ಕೊಸಾಕ್ ಕಡೆ ತಿರುಗಿಸಿದ್ದರು. ವಿಯನ್ ಹಿಂದೆ ಸರಿದು ಲಂಡನ್ನಿಗೆ ತಂತಿ ಕಳಿಸಿ ಕಾದ. ಆಗ ನೌಕಾಪಡೆಯ ಸಚಿವ ಚರ್ಚಿಲ್, ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸ್ ಜೊತೆ ಮಾತಾಡಿ ಆದೇಶ ಕೊಟ್ಟರು. ಎರಡೂ ದೇಶದ ಕಾವಲಿನಲ್ಲಿ ಹಡಗನ್ನು ನಾರ್ವೆಯ ಬರ್ಗನ್ ಬಂದರಿಗೆ ಒಯ್ದು ತನಿಖೆ ಮಾಡೋಣ ಅಂತ ಮೊದಲು ಕೇಳು, ಒಪ್ಪದಿದ್ದರೆ ಹಡಗು ಹತ್ತು, ನಾರ್ವೆಯವರು ಗುಂಡು ಹಾರಿಸಿದರೆ ಬೇಕಾದಷ್ಟೇ ಬಲ ಬಳಸು. ಅಂದರೆ ಎಚ್ಚರಿಕೆಯ ದಾರಿ ಮೊದಲು, ಅದು ಮುಚ್ಚಿದ ಮೇಲೆ ಕೊಸಾಕ್.

ರಾತ್ರಿ ಆಲ್ಟ್‌ಮಾರ್ಕ್ ಹಿಂದಕ್ಕೆ ಬಂದು ಕೊಸಾಕ್‌ಗೆ ಗುದ್ದಲು ನೋಡಿತು, ಹಡಗು ಹಡಗು ತಾಗಿದಾಗ ಬ್ರಿಟಿಷರು ಹಾರಿ ಹತ್ತಿದರು. ಜರ್ಮನ್ನರಲ್ಲಿ ಏಳೆಂಟು ಜನ ಸತ್ತರು, ಅದನ್ನು ಮರೆಯಬಾರದು. ಮರುದಿನ ಕೈದಿಗಳು ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಇಳಿದರು.

ಕಾನೂನು_ಕಣ್ಣು ಅವರೇ, ನಾರ್ವೆಯ ಭಯ ನನಗೂ ಅರ್ಥವಾಗುತ್ತೆ. ಆದರೆ ಹಡಗು ಹತ್ತುವ ಮೊದಲು ವಿಯನ್ ನಾರ್ವೆಯ ಅಧಿಕಾರಿಯನ್ನು ಕರೆದಿದ್ದ: ನನ್ನ ಜೊತೆ ಬನ್ನಿ, ಕೈದಿಗಳಿದ್ದಾರಾ ಅಂತ ನೀವೇ ನೋಡಿ. ಆತ ಬರಲು ಒಪ್ಪಲಿಲ್ಲ. ಇದಕ್ಕೆ ನಿಮ್ಮ ಉತ್ತರ ಏನು?